ನವೆಂಬರ್ ಕೊನೆಯ ಒಂದು ವಾರ, ಎಸ್ಲಿಂಗೆನ್‌ನಲ್ಲಿ

ನಮ್ಮ ಕ್ರೈಸ್ತ ಸಭೆಯ ಹಿರಿಯರಿಗೆ ಮಿಷನರಿ ಎಂದರೆ ಇಂದಿಗೂ ಬಲ್ಮಠದ ಗುಡ್ಡದ ಮೇಲೆ ಶಾಲೆ ಕಟ್ಟಿದ, ಅಚ್ಚುಕೂಟ ನಡೆಸಿದ ಗಡ್ಡದ ಜರ್ಮನರೇ. ಆದ್ದರಿಂದ ಒಂದು ವರ್ಷದ ಸೇವೆಗೆಂದು ಮಂಗಳೂರಿನಿಂದ ಜರ್ಮನಿಗೆ ಹೊರಟ ನನ್ನನ್ನು ಬೀಳ್ಕೊಡುಗೆಯ ಆರಾಧನೆಯಲ್ಲಿ ಸಭೆಯ ಪಾದ್ರಿ ಅಯ್ಯನವರು “ನಮ್ಮ ಯುವ ಮಿಷನರಿ” ಎಂದು ಪರಿಚಯಿಸಿದಾಗ, ಹಿಂದಿನ ಬೆಂಚುಗಳಲ್ಲಿದ್ದ ಯೌವನಸ್ಥರ ಸಂಘದವರು ನಗು ತಡೆದುಕೊಳ್ಳಲಿಲ್ಲ. ಬಂದು ಕೆಲವು ತಿಂಗಳುಗಳಾಗಿವೆ. ದೊಡ್ಡಮ್ಮ ಫೋನು ಮಾಡಿದಾಗಲೆಲ್ಲ ಕೇಳುವುದು ಒಂದೇ ಮಾತು: “ಅಲ್ಲಿ ಯಾರಿಗಾದರೂ ಸುವಾರ್ತೆ ಹೇಳಿದೆಯಾ ಮಗಾ?” ಅದಕ್ಕೆ ಫೋನಿನಲ್ಲಿ ಉತ್ತರ ಕೊಡುವುದು ಕಷ್ಟವಾದ್ದರಿಂದ, ಕಳೆದ ವಾರ ನಾನು ಏನೇನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ವಾರವನ್ನೇ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿನ ಸಭೆಯ ವರ್ಷ ಮುಗಿಯುವುದು ಆಗಮನ ಕಾಲಕ್ಕೆ, ಅಂದರೆ ಕ್ರಿಸ್ಮಸ್ಸಿಗೆ ಸಿದ್ಧವಾಗುವ ವಾರಗಳಿಗೆ, ಮುಂಚಿನ ಆ ವಾರದಲ್ಲಿ. ನನ್ನಂತೆ ವೃದ್ಧರ ಆರೈಕೆ ಮನೆಯಲ್ಲಿ ಕೆಲಸ ಮಾಡುವವರಿಗೆ ಅದಕ್ಕಿಂತ ಅರ್ಥವುಳ್ಳ ವಾರ ಇನ್ನೊಂದಿಲ್ಲ.

ಎಸ್ಲಿಂಗೆನ್ ಎಂಬುದು ಸ್ಟುಟ್‌ಗಾರ್ಟಿಗೆ ಹತ್ತಿರದಲ್ಲಿ, ನೆಕ್ಕಾರ್ ನದಿಯ ದಂಡೆಯಲ್ಲಿರುವ ಹಳೆಯ ಪಟ್ಟಣ. ಮರದ ತೊಲೆಗಳ ಚೌಕಟ್ಟು ಹೊರಗೇ ಕಾಣಿಸುವ ಮನೆಗಳು, ಎರಡು ಗೋಪುರಗಳ ನಡುವೆ ಸೇತುವೆ ಇರುವ ಸಂತ ಡಿಯೋನಿಸಿಯಸನ ದೇವಾಲಯ, ಊರಿನ ಬೆನ್ನಿಗೇ ಮೇಲೇರುವ ದ್ರಾಕ್ಷಿ ತೋಟಗಳು. ಈ ವ್ಯೂರ್ಟೆಂಬರ್ಗ್ ಸೀಮೆಗೂ ಕರಾವಳಿಗೂ ಇರುವ ನಂಟು ಸಣ್ಣದಲ್ಲ. 1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದದ್ದರಿಂದ ಬಾಸೆಲ್ ಮಿಷನ್ನಿನ ಭಾರತದ ಕೆಲಸ ಆರಂಭವಾಯಿತು. ಸಂಸ್ಥೆ ಇದ್ದದ್ದು ಸ್ವಿಟ್ಜರ್‌ಲೆಂಡಿನಲ್ಲಾದರೂ ಅದು ಕಳುಹಿಸಿದ ಯುವಕರಲ್ಲಿ ಬಹಳಷ್ಟು ಮಂದಿ ಇಲ್ಲಿನ ಹಳ್ಳಿಗಳ ರೈತರ, ಕುಶಲಕರ್ಮಿಗಳ, ಪಾದ್ರಿಗಳ ಮಕ್ಕಳು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇದೇ ಸೀಮೆಯ ಬ್ರಾಕನ್‌ಹೈಮಿನಲ್ಲಿ, 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗೆನ್‌ನಲ್ಲಿ. ನನ್ನನ್ನು ಇಲ್ಲಿ ನೇಮಿಸಿದವರಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಖಾಲಿ ಇದ್ದ ಒಂದು ಜಾಗಕ್ಕೆ ಒಬ್ಬ ಮನುಷ್ಯಳು.

ಆ ಜಾಗ ಖಾಲಿ ಬಿದ್ದದ್ದರ ಹಿಂದೆಯೂ ಒಂದು ಕಥೆಯಿದೆ. ಜರ್ಮನಿಯಲ್ಲಿ ಕಡ್ಡಾಯ ಸೇನಾಸೇವೆ ಇದ್ದಷ್ಟು ಕಾಲ, ಆಯುಧ ಹಿಡಿಯಲೊಲ್ಲದ ಯುವಕರು ಅದಕ್ಕೆ ಬದಲಾಗಿ ಆಸ್ಪತ್ರೆಗಳಲ್ಲಿ, ಇಂಥ ಮನೆಗಳಲ್ಲಿ ದುಡಿಯಬೇಕಾಗಿತ್ತು. 2011ರಲ್ಲಿ ಸೇನಾಸೇವೆಯ ಕಡ್ಡಾಯವನ್ನು ಅಮಾನತಿನಲ್ಲಿಟ್ಟಾಗ ಆ ಯುವಕರ ಸಾಲೂ ನಿಂತುಹೋಯಿತು. ಆ ಕೊರತೆಯನ್ನು ತುಂಬಲು ಸರ್ಕಾರವು ಅದೇ ವರ್ಷ ಸ್ವಯಂಸೇವೆಯ ಹೊಸ ವ್ಯವಸ್ಥೆಯನ್ನು ತಂದಿತು. ಹೊರದೇಶಗಳ ಸಭೆಗಳಿಂದ ಬರುವ ನಮ್ಮಂಥವರೂ ಇಂಥದೇ ವ್ಯವಸ್ಥೆಯ ಬಾಗಿಲಿನಿಂದ ಒಳಗೆ ಬರುತ್ತೇವೆ. ವಸತಿ, ಊಟ, ವಿಮೆ ಅವರದು. ತಿಂಗಳಿಗೆ ಒಂದಿಷ್ಟು ಕೈಖರ್ಚು ಸಿಗುತ್ತದೆ. ವರ್ಷದಲ್ಲಿ 25 ದಿನ ತರಬೇತಿ ಶಿಬಿರಗಳಿರುತ್ತವೆ. ವಾರಕ್ಕೆ ಸುಮಾರು 40 ಗಂಟೆ ಕೆಲಸ. ಇದನ್ನು ಬಿಡಿಸಿ ಹೇಳುತ್ತಿರುವುದು ಏಕೆಂದರೆ, ನಾನು ಎಲ್ಲವನ್ನೂ ತ್ಯಾಗ ಮಾಡಿ ಬಂದಿದ್ದೇನೆಂದು ಊರಿನಲ್ಲಿ ಕೆಲವರು ನಂಬಿದ್ದಾರೆ. ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದವಳಿಗೆ ಒಂದು ವರ್ಷದ ಊಟ, ವಸತಿ, ಭಾಷೆ, ಅನುಭವ ಎಲ್ಲವೂ ಸಿಕ್ಕಿದ್ದನ್ನು ತ್ಯಾಗವೆನ್ನಲು ನನಗೆ ಬಾಯಿ ಬರುವುದಿಲ್ಲ.

ಸೋಮವಾರ ಬೆಳಗಿನ ಪಾಳಿ. ಆರೂವರೆಗೆ ಮಹಡಿಯ ಸಣ್ಣ ಕೋಣೆಯಲ್ಲಿ ರಾತ್ರಿಯ ದಾದಿ ಬೆಳಗಿನವರಿಗೆ ವರದಿ ಒಪ್ಪಿಸುತ್ತಾಳೆ: ಯಾರು ನಿದ್ದೆ ಮಾಡಲಿಲ್ಲ, ಯಾರು ನೀರು ಕುಡಿಯಲಿಲ್ಲ, ಯಾರು ರಾತ್ರಿ ಎದ್ದು ಕೋಟು ತೊಟ್ಟು ಮನೆಗೆ ಹೊರಟಿದ್ದರು. ಹೊರಗೆ ಆಗ ಗಾಢ ಕತ್ತಲು. ನವೆಂಬರಿನಲ್ಲಿ ಬೆಳಕು ಬರುವಾಗ ಎಂಟರ ಹತ್ತಿರವಾಗುತ್ತದೆ, ಸಂಜೆ ನಾಲ್ಕೂವರೆಗೆ ಮತ್ತೆ ಕತ್ತಲು. ವರದಿ ಮುಗಿದ ಮೇಲೆ ನಾನು ಒಬ್ಬ ತರಬೇತಾದ ದಾದಿಯ ಜೊತೆ ಕೋಣೆಯಿಂದ ಕೋಣೆಗೆ ಹೋಗುತ್ತೇನೆ. ಮಾತ್ರೆ ಕೊಡುವುದಾಗಲಿ, ಗಾಯಕ್ಕೆ ಪಟ್ಟಿ ಕಟ್ಟುವುದಾಗಲಿ, ಚುಚ್ಚುಮದ್ದಾಗಲಿ ನನ್ನ ಕೆಲಸವಲ್ಲ; ಅವುಗಳನ್ನು ಮುಟ್ಟಲು ನನಗೆ ಅನುಮತಿಯಿಲ್ಲ. ಉಳಿದದ್ದೆಲ್ಲ ಇದೆ. ಮುಖ ತೊಳೆಸುವುದು, ಹಲ್ಲಿನ ಸೆಟ್ಟನ್ನು ಉಜ್ಜಿ ಕೊಡುವುದು, ಕಾಲು ಬಾಯುವವರಿಗೆ ಹಾಸಿಗೆಯಿಂದ ಇಳಿಯುವ ಮೊದಲೇ ಬಿಗಿ ಕಾಲುಚೀಲ ಏರಿಸುವುದು, ಕನ್ನಡಕ ಒರೆಸುವುದು, ಕಿವಿಯ ಯಂತ್ರಕ್ಕೆ ಬ್ಯಾಟರಿ ಹಾಕುವುದು. ಆ ಕಾಲುಚೀಲ ಏರಿಸುವ ಕೆಲಸಕ್ಕೆ ಬೇಕಾಗುವ ಶಕ್ತಿ ಮತ್ತು ಉಪಾಯವನ್ನು ನೋಡದೆ ಯಾರೂ ನಂಬಲಾರರು: ಚೀಲವನ್ನು ಹಿಮ್ಮಡಿಯವರೆಗೆ ತಿರುವಿಹಾಕಿ, ಪಾದವನ್ನು ಒಳಗೆ ಸೇರಿಸಿ, ರಬ್ಬರ್ ಕೈಗವಸಿನಿಂದ ಇಷ್ಟಿಷ್ಟೇ ಮೇಲಕ್ಕೆ ನೀವಬೇಕು, ಒಂದು ಸುಕ್ಕು ಉಳಿದರೂ ಸಂಜೆಗೆ ಅಲ್ಲಿ ಚರ್ಮ ಕೆಂಪಾಗುತ್ತದೆ.

ಅನಂತರ ತಿಂಡಿ. ಇಲ್ಲಿ ವಾಸಿಸುವ ಪ್ರತಿಯೊಬ್ಬರಿಗೂ ಎಷ್ಟು ಆರೈಕೆ ಬೇಕೆಂಬುದನ್ನು ಒಂದರಿಂದ ಐದರವರೆಗಿನ ದರ್ಜೆಯಲ್ಲಿ ಗುರುತಿಸಿರುತ್ತಾರೆ. ಐದನೆಯ ದರ್ಜೆಯವರಲ್ಲಿ ನುಂಗಲು ಕಷ್ಟಪಡುವವರೂ ಇದ್ದಾರೆ. ಅವರ ಕಾಫಿಗೆ ಒಂದು ಪುಡಿ ಬೆರೆಸಿ ಗಂಜಿಯ ಹದಕ್ಕೆ ತರಬೇಕು, ತೆಳುವಾಗಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಬ್ರೆಡ್ಡಿನ ಅಂಚು ಕತ್ತರಿಸಿ, ಜಾಮ್ ಸವರಿ, ಸಣ್ಣ ಚೂರು ಮಾಡಿ ಬಾಯಿಗಿಟ್ಟು, ನುಂಗಿದ್ದು ಖಚಿತವಾದ ಮೇಲಷ್ಟೇ ಮುಂದಿನ ಚೂರು ಕೊಡಬೇಕು. ಒಬ್ಬರಿಗೆ ತಿನ್ನಿಸಲು ಅರ್ಧ ಗಂಟೆಯೂ ಹಿಡಿಯಬಹುದು. ಎಷ್ಟು ತಿಂದರು, ಎಷ್ಟು ಕುಡಿದರು ಎಂಬುದನ್ನು ಕಂಪ್ಯೂಟರಿನಲ್ಲಿ ಬರೆಯದಿದ್ದರೆ ಮಾಡಿದ ಕೆಲಸಕ್ಕೆ ಲೆಕ್ಕವೇ ಇಲ್ಲ. ನಮ್ಮ ಮಹಡಿಯ ದಾದಿಯರಲ್ಲಿ ಇಬ್ಬರು ಬೋಸ್ನಿಯಾದವರು, ಒಬ್ಬಾಕೆ ಫಿಲಿಪ್ಪೀನ್ಸಿನಾಕೆ, ಒಬ್ಬರು ಕೋಟ್ಟಯಮ್ ಕಡೆಯ ಚೇಚಿ (ಮಲಯಾಳದಲ್ಲಿ ಅಕ್ಕ). ಕೇರಳದ ದಾದಿಯರು 1960ರ ದಶಕದಿಂದಲೇ ಜರ್ಮನಿಗೆ ಬರುತ್ತಿದ್ದಾರೆ. ಚೇಚಿಯ ಚಿಕ್ಕಮ್ಮನೂ ಹಾಗೆ ಬಂದವರಂತೆ. ಅವರ ಮಲಯಾಳವನ್ನು ನಾನು ಕರಾವಳಿಯವಳೆಂಬ ಬಲದಿಂದ ಅರ್ಧಂಬರ್ಧ ಹಿಡಿಯುತ್ತೇನೆ, ನನ್ನ ಕನ್ನಡವನ್ನು ಅವರು ಸಿನಿಮಾ ಹಾಡಿನಿಂದ ಕಲಿತದ್ದಾಗಿ ಹೇಳುತ್ತಾರೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಬೇರೆ ದೇಶಕ್ಕೆ ಹೋಗಿ ಒಂದೇ ವಾರ ಇದ್ದು, ಶಾಲೆಯ ಗೋಡೆಗೆ ಬಣ್ಣ ಬಳಿದು, ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು ಮರಳುವ ಸೇವಾ ಪ್ರವಾಸಗಳು ಅಮೆರಿಕದ ಸಭೆಗಳಲ್ಲಿ ಬಹಳ ನಡೆಯುತ್ತವೆ. ಈಗ ನಮ್ಮ ನಗರಗಳ ಸಭೆಗಳಲ್ಲೂ ಅದರ ಆಸೆ ಹುಟ್ಟಿದೆ. ಬಂದ ಮೊದಲ ವಾರದಲ್ಲಿ ನನ್ನಿಂದ ಈ ಮನೆಗೆ ಆದ ಉಪಕಾರ ಸೊನ್ನೆಗಿಂತ ಕಡಿಮೆ. ಯಾವ ಕಪಾಟಿನಲ್ಲಿ ಏನಿದೆಯೆಂದು ನನಗೆ ತೋರಿಸಲು ಒಬ್ಬರು ತಮ್ಮ ಕೆಲಸ ಬಿಟ್ಟು ನಿಲ್ಲಬೇಕಾಗುತ್ತಿತ್ತು, ನಾನು ಬಂದೆನೆಂದು ಯಾರ ಹೊರೆಯೂ ಹಗುರಾಗಲಿಲ್ಲ. ಮೂರನೆಯ ತಿಂಗಳ ಹೊತ್ತಿಗೆ ಒಬ್ಬ ಅರೆಕಾಲಿಕ ಸಹಾಯಕಳಷ್ಟು ಉಪಯೋಗಕ್ಕೆ ಬಂದಿರಬಹುದು. ಒಂದು ವಾರದಲ್ಲಿ ಸೇವೆ ಮಾಡಿ ಮುಗಿಸುತ್ತೇವೆ ಎನ್ನುವವರು ಆ ವಾರದುದ್ದಕ್ಕೂ ಸೇವೆ ಮಾಡಿಸಿಕೊಂಡಿರುತ್ತಾರೆ ಎಂಬುದೇ ನನ್ನ ಅಭಿಪ್ರಾಯ.

ಮಂಗಳವಾರದ ಸಂಗತಿಯನ್ನು ಬರೆಯಬೇಕೇ ಬೇಡವೇ ಎಂದು ಯೋಚಿಸಿದ್ದೆ. ಮಧ್ಯಾಹ್ನ ಮೂರಕ್ಕೆ ಕಾಫಿ ಮತ್ತು ಕೇಕಿನ ಹೊತ್ತು, ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತುಕೊಳ್ಳುವ ಒಬ್ಬ ಅಜ್ಜಿಗೆ (ಇಲ್ಲಿ ಎಲ್ಲರನ್ನೂ ಕುಲನಾಮದಿಂದ, ಬಹುವಚನದಲ್ಲಿಯೇ ಕರೆಯಬೇಕು, ಅಜ್ಜಿ ಎನ್ನುವುದು ನನ್ನ ಮನಸ್ಸಿನೊಳಗೆ ಮಾತ್ರ) ತೊಂಬತ್ತು ದಾಟಿದೆ. ನಿನ್ನೆಯದು ನೆನಪಿರುವುದಿಲ್ಲ, ಬಾಲ್ಯ ಚೊಕ್ಕಟವಾಗಿ ನೆನಪಿದೆ. ನಾನು ಮಂಗಳೂರಿನವಳೆಂದು ಎಷ್ಟನೆಯ ಬಾರಿಗೋ ಹೇಳಿದಾಗ ಅಂದು ಅವರ ಮುಖ ಅರಳಿತು. ತಾವು ಸಂಡೇ ಸ್ಕೂಲಿಗೆ ಹೋಗುತ್ತಿದ್ದಾಗ ಬಾಗಿಲ ಬಳಿ ಮಿಷನ್ ಡಬ್ಬಿಯೊಂದು ಇರುತ್ತಿತ್ತೆಂದೂ, ಅದರ ಮೇಲೆ ಮೊಣಕಾಲೂರಿ ಕೈಮುಗಿದ ಕಪ್ಪು ಹುಡುಗನ ಗೊಂಬೆ ಇತ್ತೆಂದೂ, ಫೆನಿಗ್ ಎಂಬ ಚಿಲ್ಲರೆ ನಾಣ್ಯವೊಂದನ್ನು ಹಾಕಿದರೆ ಆ ಗೊಂಬೆ ತಲೆ ಆಡಿಸಿ ವಂದನೆ ಹೇಳುತ್ತಿತ್ತೆಂದೂ ವಿವರಿಸಿದರು. ಅದು ತಲೆ ಆಡಿಸುವುದನ್ನು ನೋಡಲಿಕ್ಕೆಂದೇ ಅಮ್ಮನನ್ನು ಕಾಡಿ ಇನ್ನೊಂದು ಫೆನಿಗ್ ಇಸಿದುಕೊಳ್ಳುತ್ತಿದ್ದರಂತೆ. “ಆ ದುಡ್ಡೆಲ್ಲ ನಿಮಗೆ ತಲುಪಿತೇ?” ಎಂದು ಅವರು ಬಹಳ ಕಾಳಜಿಯಿಂದ ನನ್ನನ್ನೇ ಕೇಳಿದರು.

ಆ ಡಬ್ಬಿಗಳ ವಿಷಯ ನನಗೆ ಶಿಬಿರವೊಂದರಲ್ಲಿ ಮೊದಲೇ ತಿಳಿದಿತ್ತು. ಜರ್ಮನ್ ಭಾಷೆಯ ನಾಡುಗಳಲ್ಲಿ ಇಪ್ಪತ್ತನೆಯ ಶತಮಾನದ ನಡುವಿನವರೆಗೂ, ಕೆಲವೆಡೆ ಅದರಾಚೆಗೂ, ಅವು ಸಾಮಾನ್ಯವಾಗಿದ್ದವು. ಈಗ ವಸ್ತುಸಂಗ್ರಹಾಲಯಗಳಲ್ಲಿ ನಾಚಿಕೆಯ ವಿವರಣೆಯೊಂದಿಗೆ ಇಟ್ಟಿರುತ್ತಾರೆ. ಬಾಸೆಲ್ ಮಿಷನ್ನಿಗೆ ಹಣ ಬಂದದ್ದು ಸಿರಿವಂತರಿಂದಷ್ಟೇ ಅಲ್ಲ. 1850ರ ದಶಕದಲ್ಲಿ ಅವರು ವಾರಕ್ಕೊಮ್ಮೆ ಅರ್ಧ ಬಾಟ್ಸೆನ್ ಎಂಬ ಅತಿ ಸಣ್ಣ ನಾಣ್ಯವನ್ನು ಮನೆಮನೆಯಿಂದ ಸಂಗ್ರಹಿಸುವ ಕ್ರಮವನ್ನು ಆರಂಭಿಸಿದರು. ಮನೆಗೆಲಸದವರು, ಕೂಲಿಯವರು, ವಿಧವೆಯರು ಕೂಡ ಕೊಡಬಹುದಾದಷ್ಟು ಚಿಕ್ಕ ಕಾಣಿಕೆ. ಬಲ್ಮಠದ ಕಟ್ಟಡಗಳಲ್ಲಿ, 1841ರಲ್ಲಿ ಶುರುವಾದ ಅಚ್ಚುಕೂಟದ ಕಲ್ಲುಗಳಲ್ಲಿ, ನನ್ನ ಮುತ್ತಜ್ಜಿ ಓದು ಕಲಿತ ಶಾಲೆಯಲ್ಲಿ ಇಂಥ ಚಿಲ್ಲರೆಯ ಪಾಲಿದೆ. ಗೊಂಬೆಯನ್ನು ನೆನೆದರೆ ಮೈ ಉರಿಯುತ್ತದೆ, ಶಾಲೆಯನ್ನು ನೆನೆದರೆ ಋಣ ನೆನಪಾಗುತ್ತದೆ. ಎರಡೂ ನಿಜವಾದ್ದರಿಂದ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದಕ್ಕೆ ನನಗೆ ಮನಸ್ಸಿಲ್ಲ. ತೊಂಬತ್ತರ ಮುದುಕಿಗೆ ಗೊಂಬೆಯ ಅವಮಾನವನ್ನು ವಿವರಿಸುವುದು ಕಾಫಿಯ ಹೊತ್ತಿನ ಕೆಲಸವಲ್ಲ ಎನ್ನಿಸಿತು. “ತಲುಪಿತು, ಅದರಲ್ಲಿ ಶಾಲೆಯಾಯಿತು” ಎಂದೆ. ಅವರಿಗೆ ಸಮಾಧಾನವಾಯಿತು, ಕೇಕಿನ ಎರಡನೆಯ ಚೂರಿಗೆ ಬಾಯಿ ತೆರೆದರು.

ಆದರೆ ಆ ಗೊಂಬೆ ರಾತ್ರಿ ನನ್ನನ್ನು ಬಿಡಲಿಲ್ಲ. ನನ್ನ ಜರ್ಮನ್ ಇನ್ನೂ ನಡುಮಟ್ಟದ್ದು, ಅದರಲ್ಲೂ ಇಲ್ಲಿನ ಹಿರಿಯರು ಆಡುವ ಶ್ವಾಬಿಶ್ ನುಡಿ ತರಗತಿಯಲ್ಲಿ ಕಲಿತ ಭಾಷೆಯ ಹತ್ತಿರಕ್ಕೂ ಬರುವುದಿಲ್ಲ. ಆದ್ದರಿಂದ ದಿನವಿಡೀ ನಾನು ಮಾಡುವುದು ಮುಗುಳ್ನಕ್ಕು ತಲೆ ಆಡಿಸುವುದನ್ನೇ. ಸಭೆಗಳ ಸಮಾರಂಭಗಳಲ್ಲಿ “ಭಾರತದಿಂದ ಬಂದ ನಮ್ಮ ಹುಡುಗಿ” ಎಂದು ಎದ್ದು ನಿಲ್ಲಿಸಿದಾಗಲೂ ಅಷ್ಟೇ. ನನ್ನನ್ನು ಇಲ್ಲಿ ಉಳಿಸಿಕೊಳ್ಳುವ ಖರ್ಚು ಈ ದೇಶದ ತೆರಿಗೆಯಿಂದ, ಈ ಸಭೆಯ ಕಾಣಿಕೆಯಿಂದ ಬರುತ್ತದೆ. ಕೊಡುವವರು ಯಾರು, ಪಡೆಯುವವರು ಯಾರು ಎಂಬುದು ತಿರುವುಮುರುವಾಗಿದೆ ಎಂದು ಭಾಷಣಗಳಲ್ಲಿ ಹೇಳುತ್ತಾರೆ; ಹಣದ ಹರಿವನ್ನು ನೋಡಿದರೆ ಅಷ್ಟೇನೂ ತಿರುವುಮುರುವಾಗಿಲ್ಲ. ತಿರುವಿರುವುದು ಚಮಚ ಹಿಡಿದ ಕೈಯಲ್ಲಿ ಮಾತ್ರ.

ಬುಧವಾರ ಪಶ್ಚಾತ್ತಾಪ ಮತ್ತು ಪ್ರಾರ್ಥನೆಯ ದಿನ. ಪ್ರೊಟೆಸ್ಟೆಂಟ್ ಸಭೆಗಳಿಗೆ ಇದು ಹಳೆಯ ಹಬ್ಬ, ಆದರೆ ಈಗ ರಜೆ ಇಲ್ಲ. ಇದರ ಕಾರಣವನ್ನು ಚೇಚಿ ಹೇಳಿದಾಗ ನಾನು ನಂಬದೆ ಬೇರೆಡೆ ಓದಿ ಖಚಿತಪಡಿಸಿಕೊಂಡೆ. ವೃದ್ಧಾಪ್ಯದಲ್ಲಿ ಆರೈಕೆಯ ಖರ್ಚಿಗೆಂದು ಜರ್ಮನಿಯು 1995ರಲ್ಲಿ ಕಡ್ಡಾಯವಾದ ಆರೈಕೆ ವಿಮೆಯನ್ನು ಜಾರಿಗೆ ತಂದಿತು. ಆ ವಿಮೆಯ ಕಂತಿನಲ್ಲಿ ಅರ್ಧವನ್ನು ಮಾಲೀಕರು ಕೊಡಬೇಕಾಗಿದ್ದರಿಂದ ಅವರಿಗೆ ಅದರ ಬದಲಿಗೆ ಏನಾದರೂ ಕೊಡಬೇಕಾಯಿತು. ವರ್ಷಕ್ಕೆ ಒಂದು ದಿನದ ಹೆಚ್ಚಿನ ದುಡಿಮೆ ಕೊಡುವುದೆಂದು ನಿರ್ಧಾರವಾಗಿ, ಬಲಿಗೆ ಈ ಪಶ್ಚಾತ್ತಾಪದ ರಜೆಯನ್ನು ಆರಿಸಿದರು. ಸ್ಯಾಕ್ಸನಿ ರಾಜ್ಯ ಮಾತ್ರ ರಜೆಯನ್ನು ಉಳಿಸಿಕೊಂಡಿತು, ಅದರ ಬೆಲೆಯಾಗಿ ಅಲ್ಲಿನ ನೌಕರರು ಇಂದಿಗೂ ವಿಮೆಯ ಹೆಚ್ಚಿನ ಪಾಲನ್ನು ತಾವೇ ಕಟ್ಟುತ್ತಾರೆ. ದೇವರ ಮುಂದೆ ತಪ್ಪೊಪ್ಪಿಕೊಳ್ಳುವ ದಿನವನ್ನು ತೆಗೆದು ಮುದುಕರ ಆರೈಕೆಗೆ ಕೊಟ್ಟದ್ದು ಧರ್ಮನಿಂದೆಯೋ ಧರ್ಮವೋ ಎಂದು ಪ್ರಸಂಗ ಮಾಡುವವರು ಯೋಚಿಸಲಿ. ನನಗಂತೂ ಇದು ಯೆಶಾಯನಿಗೆ ಒಪ್ಪಿಗೆಯಾಗುತ್ತಿತ್ತೇನೋ ಎನ್ನಿಸಿತು; ಉಪವಾಸದ ದಿನ ತಲೆ ಬಗ್ಗಿಸಿ ಕೂರುವುದಕ್ಕಿಂತ ಹಸಿದವರಿಗೆ ಅನ್ನ ಹಂಚುವುದು ಮೇಲೆಂದು 58ನೆಯ ಅಧ್ಯಾಯದಲ್ಲಿ ಹೇಳಿದವನು ಅವನೇ ತಾನೆ.

ಅಂದು ಸಂಜೆ ಮನೆಯ ಚಿಕ್ಕ ಪ್ರಾರ್ಥನಾ ಕೋಣೆಯಲ್ಲಿ ಆರಾಧನೆಯಿತ್ತು. ಗಾಲಿಕುರ್ಚಿಗಳನ್ನು ಒಂದೊಂದಾಗಿ ಲಿಫ್ಟಿನಲ್ಲಿ ಇಳಿಸಿ ಸಾಲಾಗಿ ನಿಲ್ಲಿಸುವುದೇ ಮುಕ್ಕಾಲು ಗಂಟೆಯ ಕೆಲಸ; ಆರಾಧನೆ ಅದಕ್ಕಿಂತ ಬೇಗ ಮುಗಿಯುತ್ತದೆ. ಮೊದಲು ದಿನದ ವಚನವನ್ನು ಓದಿದರು. ಹೆರ್ನ್‌ಹೂಟ್ ಎಂಬ ಊರಿನ ಸಹೋದರ ಸಭೆಯವರು ಪ್ರತಿ ವರ್ಷದ ಪ್ರತಿ ದಿನಕ್ಕೂ ಹಳೆಯ ಒಡಂಬಡಿಕೆಯ ಒಂದು ವಚನವನ್ನು ಚೀಟಿ ಎತ್ತಿ ಆರಿಸಿ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನ ಸೇರಿಸಿ ಅಚ್ಚು ಹಾಕುತ್ತಾರೆ. ಈ ಪುಟ್ಟ ಪುಸ್ತಕ 1731ರಿಂದ ಪ್ರತಿವರ್ಷ ಬರುತ್ತಿದೆ. ನಮ್ಮ ಮಹಡಿಯ ಬಹಳಷ್ಟು ಕೋಣೆಗಳಲ್ಲಿ ಮೇಜಿನ ಮೇಲೆ ಅದು ಇರುತ್ತದೆ, ಓದಲಾಗದವರ ಮೇಜಿನ ಮೇಲೂ.

ಆಮೇಲೆ ಹಾಡು. ಹೆಸರು ಮರೆತವರು, ಮಗಳನ್ನು ತಂಗಿಯೆಂದು ಕರೆಯುವವರು, ದಿನವಿಡೀ ಒಂದಕ್ಷರ ಆಡದವರು ಕೂಡ ಪಿಯಾನೋದ ಎರಡು ಸ್ವರ ಕೇಳಿದೊಡನೆ ಹಾಡಿನ ನಾಲ್ಕೂ ಚರಣಗಳನ್ನು ಪುಸ್ತಕವಿಲ್ಲದೆ ಹಾಡಿಬಿಡುತ್ತಾರೆ. ನನಗೆ ಅವರ ಮಾತುಗಳು ಬರುವುದಿಲ್ಲ, ಆದರೆ ರಾಗ ಬರುತ್ತದೆ: ಬಾಸೆಲ್ ಮಿಷನ್ನಿನವರು ನಮ್ಮ ಗೀತೆಗಳಿಗೆ ತಮ್ಮ ಊರಿನ ರಾಗಗಳನ್ನೇ ಹೊಂದಿಸಿದ್ದರು, ನಾವು ಅವನ್ನು ನಮ್ಮವೆಂದೇ ತಿಳಿದು ಬೆಳೆದೆವು. ಆದ್ದರಿಂದ ನಾನು ಕನ್ನಡದಲ್ಲಿ ಹಾಡಿದೆ. ಪಕ್ಕದ ಗಾಲಿಕುರ್ಚಿಯಲ್ಲಿದ್ದ, ಯುದ್ಧಾನಂತರ ಬೊಹೀಮಿಯಾದಿಂದ ಒಂದೇ ಪೆಟ್ಟಿಗೆಯೊಂದಿಗೆ ಹೊರದಬ್ಬಲ್ಪಟ್ಟು ಬಾಲಕನಾಗಿ ಈ ಸೀಮೆಗೆ ಬಂದ ಅಜ್ಜ ನನ್ನತ್ತ ತಿರುಗಿ, ನಾನು ಯಾವ ಊರಿನಿಂದ ಓಡಿಬಂದೆನೆಂದು ವಿಚಾರಿಸಿದರು. ಹೊರಗಿನಿಂದ ಬಂದವರೆಲ್ಲ ಅವರ ಲೆಕ್ಕದಲ್ಲಿ ಓಡಿಬಂದವರೇ. ಆ ಕಾರಣಕ್ಕೋ ಏನೋ, ನನ್ನನ್ನು ಮೊದಲ ದಿನದಿಂದಲೂ ತಮ್ಮ ಗುಂಪಿಗೆ ಸೇರಿಸಿಕೊಂಡವರು ಅವರೊಬ್ಬರೇ.

ಗುರುವಾರ ರಜೆ ಇದ್ದದ್ದರಿಂದ ರೈಲು ಹತ್ತಿ ಟ್ಯೂಬಿಂಗೆನ್‌ಗೆ ಹೋದೆ. ಒಂದಷ್ಟು ದೂರ ನೆಕ್ಕಾರ್ ನದಿಯ ಜೊತೆಜೊತೆಗೇ ಸಾಗುವ ಹಾದಿ ಅದು. ಕನ್ನಡಿಗರಾಗಿ ಹುಟ್ಟಿದವರು ಈ ಊರಿಗೊಮ್ಮೆ ಬರಬೇಕೆಂದು ನನಗೆ ಅನ್ನಿಸುತ್ತದೆ: ಮೋಗ್ಲಿಂಗ್‌ಗೆ ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾನಿಲಯ ಇಲ್ಲಿನದು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ನಮ್ಮಲ್ಲಿ ಅವರನ್ನು ಬೆಳ್ಳಿ ಗಡ್ಡದ ಮುದುಕರಾಗಿಯೇ ಚಿತ್ರಿಸುತ್ತಾರೆ. 1853ರಲ್ಲಿ ಕರ್ನಾಟಕಕ್ಕೆ ಬಂದಾಗ ಕಿಟೆಲ್‌ಗೆ ಇಪ್ಪತ್ತೊಂದು. 1836ರಲ್ಲಿ ಬಂದಾಗ ಮೋಗ್ಲಿಂಗ್‌ಗೆ ಇಪ್ಪತ್ತೈದು. ಅಂದರೆ ಅವರೂ ನನ್ನ ವಯಸ್ಸಿನವರೇ ಆಗಿದ್ದರು, ಮನೆಯ ಊಟಕ್ಕಾಗಿ ಹಂಬಲಿಸುತ್ತಿದ್ದರು, ತಪ್ಪು ವಿಭಕ್ತಿ ಬಳಸಿ ನಗೆಪಾಟಲಾಗಿದ್ದಿರಬೇಕು.

ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಅವರ ಹಡಗು ತಿಂಗಳುಗಟ್ಟಲೆ ಸಾಗಿದರೆ ನಾನು ಬೆಂಗಳೂರಿನಲ್ಲಿ ಹತ್ತಿ ಒಂದು ನಿದ್ದೆ ಮಾಡಿ ಫ್ರಾಂಕ್‌ಫರ್ಟಿನಲ್ಲಿ ಇಳಿದೆ. ಬಾಸೆಲ್ ಮಿಷನ್ನಿನ ಯುವಕರು ಮೊದಲ ಎರಡು ವರ್ಷ ಮದುವೆಯಾಗುವಂತಿರಲಿಲ್ಲ. ಆಮೇಲೂ ಬಾಸೆಲ್‌ನ ಸಮಿತಿಯ ಒಪ್ಪಿಗೆ ಬೇಕಿತ್ತು. ಎಷ್ಟೋ ಮಂದಿಗೆ ಅವರು ಕಂಡೇ ಇರದ ಹೆಣ್ಣನ್ನು ಇದೇ ವ್ಯೂರ್ಟೆಂಬರ್ಗಿನ ಹಳ್ಳಿಗಳಿಂದ ಆರಿಸಿ ಹಡಗು ಹತ್ತಿಸುತ್ತಿದ್ದರು. ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳುಹಿಸಬೇಕಾಗಿತ್ತು. 1853ರಲ್ಲಿ ಬಾಸೆಲ್‌ನಲ್ಲಿ ಅದಕ್ಕೆಂದೇ ಮಕ್ಕಳ ಮನೆ ತೆರೆದರು. ಆರೇಳು ವರ್ಷದ ಮಗುವನ್ನು ಮಂಗಳೂರಿನ ಬಂದರಿನಲ್ಲಿ ಹಡಗು ಹತ್ತಿಸಿದ ತಾಯಿ ಅದನ್ನು ಮತ್ತೆ ನೋಡುವಾಗ ಅದು ಬೆಳೆದ ಹುಡುಗಿಯಾಗಿರುತ್ತಿತ್ತು, ಕೆಲವೊಮ್ಮೆ ನೋಡುತ್ತಲೇ ಇರಲಿಲ್ಲ. ನಮ್ಮ ಸಭೆಯ ವಾರ್ಷಿಕೋತ್ಸವಗಳಲ್ಲಿ ಮಿಷನರಿಗಳ ಅಚ್ಚು, ಹೆಂಚು, ಶಾಲೆಗಳ ಬಗ್ಗೆ ಹೇಳುತ್ತಾರೆ, ಈ ಹೆಂಗಸರ ಬಗ್ಗೆ ಒಂದು ವಾಕ್ಯವೂ ಬರುವುದಿಲ್ಲ. ನಾನು ಪ್ರತಿ ಭಾನುವಾರ ಅಮ್ಮನ ಮುಖ ಫೋನಿನಲ್ಲಿ ನೋಡುತ್ತೇನೆ. ಆ ಹೆಂಗಸರೊಂದಿಗೆ ನನ್ನನ್ನು ಒಂದೇ ಹೆಸರಿನಿಂದ ಕರೆಯುವುದು ಅವರಿಗೆ ಮಾಡುವ ಅನ್ಯಾಯ.

ಶುಕ್ರವಾರ ಮತ್ತು ಶನಿವಾರ ಮಧ್ಯಾಹ್ನದ ಪಾಳಿ, ಹೇಳುವಂಥದ್ದು ಹೆಚ್ಚಿಲ್ಲ. ಶನಿವಾರ ಬೆಳಿಗ್ಗೆ ನಾನು ವಾಸಿಸುವ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸಿದೆ. ಶ್ವಾಬಿಯ ಸೀಮೆಯಲ್ಲಿ ಇದೊಂದು ಶಾಸನದಂಥ ಪದ್ಧತಿ: ವಾರಕ್ಕೊಂದು ಮನೆಯವರ ಸರದಿ, ಸರದಿ ಬಂದವರ ಬಾಗಿಲಿಗೆ ಒಂದು ಫಲಕ ನೇತಾಡುತ್ತದೆ, ಮುಗಿಸಿದ ಮೇಲೆ ಅದನ್ನು ಪಕ್ಕದ ಬಾಗಿಲಿಗೆ ದಾಟಿಸಬೇಕು. ಕೆಳಮನೆಯ ಹೆಂಗಸು ಬಾಗಿಲು ಅರ್ಧ ತೆರೆದು ಮೆಟ್ಟಿಲ ಮೂಲೆಗಳನ್ನು ನೋಡಿ “ಚೆನ್ನಾಗಿದೆ” ಎಂದರು. ಅವರು ನನ್ನೊಡನೆ ತಾವಾಗಿಯೇ ಮಾತಾಡಿದ್ದು ಅಂದೇ ಮೊದಲು. ಸಂಜೆ ಪಟ್ಟಣದ ಚೌಕದಲ್ಲಿ ಕ್ರಿಸ್ಮಸ್ ಸಂತೆಯ ಮರದ ಮಳಿಗೆಗಳನ್ನು ನಿಲ್ಲಿಸುತ್ತಿದ್ದರು, ಆದರೆ ದೀಪ ಹಚ್ಚಿರಲಿಲ್ಲ. ಭಾನುವಾರ ದಾಟದೆ ಹಚ್ಚುವುದಿಲ್ಲ.

ಏಕೆಂದರೆ ಆ ಭಾನುವಾರ ಸತ್ತವರದು. ಪ್ರಷ್ಯಾದ ದೊರೆ ಮೂರನೆಯ ಫ್ರೀಡ್ರಿಶ್ ವಿಲ್ಹೆಲ್ಮ್ 1816ರಲ್ಲಿ ಆರಂಭಿಸಿದ ಈ ಆಚರಣೆ ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಗಳಲ್ಲೆಲ್ಲ ನೆಲೆಗೊಂಡಿದೆ. ನಿತ್ಯತ್ವದ ಭಾನುವಾರ ಎಂದೂ ಕರೆಯುತ್ತಾರೆ. ಸಾಮಾನ್ಯ ಭಾನುವಾರಗಳಲ್ಲಿ ನಾನು ಹೋಗುವ ದೇವಾಲಯದಲ್ಲಿ ಬೆಂಚುಗಳು ಬಹುಮಟ್ಟಿಗೆ ಖಾಲಿ. ಇಲ್ಲಿ ಸಭೆಯ ಸದಸ್ಯರು ಆದಾಯ ತೆರಿಗೆಯ ಶೇಕಡಾ 8ರಷ್ಟನ್ನು ಸಭೆಯ ತೆರಿಗೆಯಾಗಿ ಕೊಡಬೇಕು. ಕೊಡಲು ಇಷ್ಟವಿಲ್ಲದವರು ಸರ್ಕಾರಿ ಕಚೇರಿಗೆ ಹೋಗಿ ಸಭೆ ಬಿಟ್ಟೆವೆಂದು ಬರೆದುಕೊಡುತ್ತಾರೆ. ನಮ್ಮ ಮಹಡಿಯ ಒಬ್ಬ ಜರ್ಮನ್ ಸಹೋದ್ಯೋಗಿ ಹಾಗೆ ಬಿಟ್ಟವರು. ಆದರೂ ಮುದಿತನದಲ್ಲಿ ಸಭೆಯವರು ನಡೆಸುವ ಮನೆಯಲ್ಲೇ ಇರಬೇಕೆಂದು ಅವರ ಆಸೆ. ಇದರಲ್ಲಿ ವಿರೋಧವೇನೂ ಇಲ್ಲವೆಂದು ಅವರು ವಾದಿಸುತ್ತಾರೆ, ನಾನು ಎಂದಿನಂತೆ ತಲೆ ಆಡಿಸುತ್ತೇನೆ.

ಸತ್ತವರ ಭಾನುವಾರ ಮಾತ್ರ ಬೆಂಚು ತುಂಬಿತ್ತು. 90ನೆಯ ಕೀರ್ತನೆಯನ್ನು ಓದಿ, ಪಾದ್ರಿಯಮ್ಮ ಕಳೆದ ಒಂದು ವರ್ಷದಲ್ಲಿ ಆ ಸಭೆಯಿಂದ ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಕರೆದರು: ಹೆಸರು, ವಯಸ್ಸು, ವಾಸವಿದ್ದ ಬೀದಿ. ಪ್ರತಿ ಹೆಸರಿಗೆ ಮನೆಯವರಲ್ಲೊಬ್ಬರು ಎದ್ದು ಬಂದು ಪಾಸ್ಕ (ಈಸ್ಟರ್) ಹಬ್ಬದ ದೊಡ್ಡ ಮೇಣದ ಬತ್ತಿಯಿಂದ ಒಂದು ಚಿಕ್ಕ ಬತ್ತಿಯನ್ನು ಹಚ್ಚಿ ಮರಳಿನಲ್ಲಿ ಊರಿದರು. ನಮ್ಮ ಆರೈಕೆ ಮನೆಯ ವಿಳಾಸ ಮತ್ತೆ ಮತ್ತೆ ಕೇಳಿಸಿತು. ಅವುಗಳಲ್ಲಿ ಒಂದು, ನಾನು ಬಂದ ಹೊಸದರಲ್ಲಿ ತಿನ್ನಿಸುತ್ತಿದ್ದ ಒಬ್ಬ ಅಜ್ಜನ ಹೆಸರು; ಮಕ್ಕಳಿಲ್ಲ, ಹತ್ತಿರದ ಬಂಧುಗಳೂ ಇಲ್ಲ. ಅಂಥವರಿಗೆ ಬತ್ತಿ ಹಚ್ಚಲು ಮನೆಯಿಂದ ಯಾರಾದರೂ ಹೋಗಬೇಕೆಂದು ಪಾಳಿಪಟ್ಟಿಯಲ್ಲೇ ಬರೆದಿದ್ದರು, ಅವರ ಹೆಸರಿನ ಎದುರಿಗೆ ನನ್ನ ಹೆಸರಿತ್ತು. ನಾನು ಎದ್ದು ಹೋಗಿ ಹಚ್ಚಿದೆ. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ರೈಲ್ವೆಯಲ್ಲಿ ಕೆಲಸ ಮಾಡಿದ್ದರು, ಸಿಹಿ ಇಲ್ಲದ ಕಾಫಿ ಕುಡಿಯುತ್ತಿರಲಿಲ್ಲ, ಚಮಚ ಎಡಗಡೆಯಿಂದ ಬರಬೇಕಿತ್ತು. ಮಧ್ಯಾಹ್ನ ಎರಡಕ್ಕೆ ಪಾಳಿ ಇದ್ದದ್ದರಿಂದ ಆರಾಧನೆಯ ನಂತರದ ಕಾಫಿಗೆ ನಿಲ್ಲಲಾಗಲಿಲ್ಲ.

ಹೊರಡುವಾಗ ಪಾದ್ರಿಯಮ್ಮ ಬಾಗಿಲ ಬಳಿ ಕೈ ಹಿಡಿದು, ಆಗಮನ ಕಾಲದ ಒಂದು ಸಂಜೆ ನಮ್ಮ ಊರಿನ ಸಭೆಯ ಬಗ್ಗೆ ಹತ್ತು ನಿಮಿಷ ಮಾತಾಡುವೆಯಾ, ಕೆಲವು ಚಿತ್ರಗಳಿದ್ದರೆ ತೋರಿಸು ಎಂದರು. ಕಾಣಿಕೆಯ ಸಂಜೆ ಅದು, ದಕ್ಷಿಣ ದೇಶಗಳ ಕೆಲಸಕ್ಕೆ ಹಣ ಕೂಡಿಸುತ್ತಾರೆ. ಒಪ್ಪಿಕೊಂಡಿದ್ದೇನೆ. ಯಾವ ಚಿತ್ರಗಳೆಂದು ಆರಿಸಿಯೂ ಆಗಿದೆ: ಸಭೆಯ ಲೆಕ್ಕಪತ್ರ ಮಂಡಿಸುತ್ತಿರುವ ಕೋಶಾಧಿಕಾರಿ ಆಂಟಿ, ಕ್ರಿಸ್ಮಸ್ಸಿಗೆ ನಾಲ್ಕು ಸ್ವರಗಳಲ್ಲಿ ಹಾಡು ಅಭ್ಯಾಸ ಮಾಡುವ ಗಾಯಕವೃಂದ, ಹೆಂಚಿನ ಕಾರ್ಖಾನೆಯಲ್ಲಿ ದುಡಿದ ನನ್ನ ಅಜ್ಜ, ಮಳೆಗಾಲದಲ್ಲಿ ಸೋರುವ ನಮ್ಮ ಸಂಡೇ ಸ್ಕೂಲಿನ ಮಾಡು. ಕೈಚಾಚಿದ ಮಕ್ಕಳ ಚಿತ್ರ ಒಂದೂ ಇರುವುದಿಲ್ಲ. ಮಾಡಿನ ರಿಪೇರಿಗೆ ಎಷ್ಟು ಬೇಕೆಂಬ ಅಂದಾಜು ಪಟ್ಟಿಯನ್ನು ಕಳುಹಿಸಿಕೊಡಿ ಎಂದು ಕೋಶಾಧಿಕಾರಿ ಆಂಟಿಗೆ ಬರೆದಿದ್ದೇನೆ. ದೊಡ್ಡಮ್ಮನ ಪ್ರಶ್ನೆಗೆ ಉತ್ತರವಾಗಿ ಈ ಬರಹವನ್ನೇ ಕಳುಹಿಸುತ್ತೇನೆ, ಓದಿದ ಮೇಲೆ ಅವರು ಏನನ್ನುತ್ತಾರೋ ನೋಡಬೇಕು.